ಬಾಗಿಲಿಗಿಂತ ದೊಡ್ಡ ಚಿತ್ರ

ಮಲೆನಾಡಿನ ಹಳೆಯ ಮನೆಗಳ ಬಾಗಿಲು ಬಂದವರನ್ನೆಲ್ಲ ತಲೆ ಬಗ್ಗಿಸಿಯೇ ಒಳಗೆ ಬಿಟ್ಟುಕೊಳ್ಳುತ್ತದೆ. ಐದೂವರೆ ಅಡಿ ಎತ್ತರ, ಮೂರಡಿ ಮೀರದ ಅಗಲ, ಎಡವುವಷ್ಟು ದಪ್ಪ ಹೊಸ್ತಿಲು. ಮಂಚ ಬಿಚ್ಚಿ ತರಬೇಕು, ಬೀರು ಅಡ್ಡ ಮಲಗಿಸಿ ತೂರಿಸಬೇಕು. ಇಂಥ ಊರಲ್ಲಿ 12 ಅಡಿ ಏಳೂವರೆ ಇಂಚು ಎತ್ತರ, 23 ಅಡಿ 5 ಇಂಚು ಅಗಲದ ತೈಲಚಿತ್ರವೊಂದಕ್ಕೆ ಜಾಗ ಮಾಡುವುದಾದರೆ ಕಲೆಯ ಮಾತು ಆಮೇಲೆ. ಮೊದಲು ಅದು ಯಾವ ಬಾಗಿಲಲ್ಲಿ ಬರುತ್ತದೆ ಅನ್ನುವುದು ಇತ್ಯರ್ಥವಾಗಬೇಕು.

ಈ ಅಳತೆ ಬಾಯಿಗೆ ಬಂದದ್ದಲ್ಲ. ಹಂಗೇರಿಯ ಪೇಚ್ ಎಂಬ ಊರಿನ ಸಣ್ಣ ಮ್ಯೂಸಿಯಂನಲ್ಲಿರುವ ‘ಬಾಲ್ಬೆಕ್’ ಚಿತ್ರದ್ದು. 385 ಸೆಂಟಿಮೀಟರ್ ಎತ್ತರ, 714 ಸೆಂಟಿಮೀಟರ್ ಅಗಲ, 1906ರಲ್ಲಿ ಬರೆದದ್ದು. ಬರೆದವನು ಚೋಂಟ್ವಾರಿ ಕೋಸ್ಟ್ಕಾ ತಿವಾದರ್. ಹುಟ್ಟಿದ್ದು 1853ರಲ್ಲಿ, ಓದಿದ್ದು ಔಷಧ ಶಾಸ್ತ್ರ. 1880ರ ಅಕ್ಟೋಬರಿನ ಒಂದು ಮಧ್ಯಾಹ್ನ ಇಗ್ಲೋ ಎಂಬ ಊರಿನ ಔಷಧದಂಗಡಿಯಲ್ಲಿ ಕೂತು, ಬೀದಿಯಲ್ಲಿ ನಿಂತಿದ್ದ ಎತ್ತಿನ ಗಾಡಿಯನ್ನು ಔಷಧದ ಚೀಟಿಯ ಮೇಲೆ ಗೀಚುತ್ತಿದ್ದಾಗ, ನೀನು ಜಗತ್ತಿನ ಅತಿ ದೊಡ್ಡ ಚಿತ್ರಕಾರನಾಗುತ್ತೀಯ, ರಾಫೆಲ್‌ಗಿಂತ ದೊಡ್ಡವನಾಗುತ್ತೀಯ ಎಂದು ಧ್ವನಿಯೊಂದು ಹೇಳಿತಂತೆ. ಅವನೇ ಬರೆದಿಟ್ಟ ಮಾತು ಇದು. ನಮ್ಮಲ್ಲಾದರೆ ಮೈಮೇಲೆ ಬಂತು ಅನ್ನುತ್ತಿದ್ದರು. ವಿಶೇಷ ಏನೆಂದರೆ, ಧ್ವನಿ ಕೇಳಿದ ಮರುದಿನವೇ ಅವನು ಕುಂಚ ಹಿಡಿದು ಹೊರಡಲಿಲ್ಲ. ಹದಿನಾಲ್ಕು ವರ್ಷ ದುಡಿದು, ನಡುವೆ ಸ್ವಂತ ಔಷಧದಂಗಡಿ ಇಟ್ಟು, ಕೈಯಲ್ಲಿ ಕಾಸು ಮಾಡಿಕೊಂಡು, 1894ರಲ್ಲಿ, ನಲವತ್ತು ದಾಟಿದ ಮೇಲೆ ಮ್ಯೂನಿಕ್‌ಗೆ ಹೋಗಿ ಚಿತ್ರಕಲೆ ಕಲಿಯಲು ಕೂತ. ಲೆಬನಾನಿನ ಬಾಲ್ಬೆಕ್‌ನಲ್ಲಿ ರೋಮನ್ ದೇಗುಲಗಳ ಹಾಳು ಕಂಬಗಳನ್ನು ಕಂಡಾಗ, ತಾನು ಹುಡುಕುತ್ತಿದ್ದ ‘ದೊಡ್ಡ ವಸ್ತು’ ಸಿಕ್ಕಿತೆಂದು ಅವನಿಗೆ ಖಾತ್ರಿಯಾಯಿತು. ದೊಡ್ಡ ವಸ್ತುವಿಗೆ ದೊಡ್ಡ ಬಟ್ಟೆಯೇ ಬೇಕಾಯಿತು.

1919ರಲ್ಲಿ ಅವನು ಬುಡಾಪೆಸ್ಟಿನಲ್ಲಿ ಸತ್ತಾಗ ಆ ಚಿತ್ರಗಳಿಗೆ ಗಿರಾಕಿಗಳು ಸಿಕ್ಕರು. ಯಾರು ಗೊತ್ತೇ? ಗಾಡಿ ಹೊಡೆಯುವವರು. ಗಟ್ಟಿ ಕ್ಯಾನ್ವಾಸು, ಮೇಲೆ ಎಣ್ಣೆ ಬಣ್ಣ, ನೀರು ಇಳಿಯುವುದಿಲ್ಲ. ಸರಕಿನ ಮೇಲೆ ಹೊದಿಸಲು ಹೇಳಿ ಮಾಡಿಸಿದ ತಾಡಪಾಲು. ಬಟ್ಟೆಯ ಲೆಕ್ಕದಲ್ಲೇ ವ್ಯಾಪಾರ ನಡೆದಿತ್ತು. ಬಾಡಿಗೆಗೆ ಸ್ಟುಡಿಯೋ ಹುಡುಕುತ್ತ ಅಲ್ಲಿಗೆ ಬಂದ ಗೆರ್ಲೋಟ್ಸಿ ಗೆದೆಯೋನ್ ಎಂಬ ಯುವ ವಾಸ್ತುಶಿಲ್ಪಿ ಗಾಡಿಯವರಿಗಿಂತ ಹೆಚ್ಚು ಹಣ ಕೊಟ್ಟು ಅವನ್ನು ಕೊಂಡುಕೊಂಡ. ಪೇಚ್‌ನಲ್ಲಿ ಮ್ಯೂಸಿಯಂ ಬಾಗಿಲು ತೆರೆದದ್ದು 1973ರಲ್ಲಿ. ನಡುವೆ ಐವತ್ತಕ್ಕೂ ಹೆಚ್ಚು ವರ್ಷ. ಮೊದಲ ಚಿತ್ರ ಎತ್ತಿನ ಗಾಡಿಯದು, ಸತ್ತ ಮೇಲೆ ಬಂದ ಗಿರಾಕಿಗಳೂ ಗಾಡಿಯವರೇ ಎಂದು ನಗಬಹುದು. ಆದರೆ ಆ ಗಾಡಿಯವರು ದಡ್ಡರಲ್ಲ. ಇಂಥ ಚಿತ್ರವನ್ನು ಕಾಯುವವನಿಗೂ ಅದು ಮೊದಲು 27 ಚದರ ಮೀಟರ್ ಬಟ್ಟೆಯೇ.

ಅಷ್ಟಗಲದ ಬಣ್ಣದ ಬಟ್ಟೆ ನಮ್ಮ ಕಡೆಗೆ ಹೊಸದೂ ಅಲ್ಲ. ನಾಟಕ ಕಂಪನಿಗಳ ಪರದೆಗಳು ಇಪ್ಪತ್ತಡಿ ಅಗಲಕ್ಕೆ ಇಳಿಯುತ್ತಿದ್ದವು: ಅರಮನೆ, ಕಾಡು, ಬೀದಿ. ಪುಡಿ ಬಣ್ಣವನ್ನು ಸರೇಸಿನಲ್ಲಿ, ಅಂದರೆ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಲ್ಲಿ, ಕಲಸಿ ಬಳಿದವು. ಆಟ ಮುಗಿದ ಮೇಲೆ ಬಿದಿರ ಗಳಕ್ಕೆ ಬಿಗಿಯಾಗಿ ಸುತ್ತಿ ಅಟ್ಟಕ್ಕೆ ಸೇರಿಸುತ್ತಿದ್ದರು. ಇವತ್ತು ಯಾವುದಾದರೂ ಅಟ್ಟದಿಂದ ಅಂಥದ್ದನ್ನು ಇಳಿಸಿ ಬಿಚ್ಚಿದರೆ ಅರ್ಧ ಅರಮನೆ ನೆಲದ ಮೇಲೆ ಪುಡಿಯಾಗಿ ಉದುರುತ್ತದೆ. ತಪ್ಪು ಎರಡು ಕಡೆ ಆಗಿದೆ. ಗಳ ಸಣ್ಣದಾಯಿತು, ಬಣ್ಣದ ಮುಖ ಒಳಗಾಯಿತು.

ದೊಡ್ಡ ಚಿತ್ರವನ್ನು ಸುತ್ತುವ ಉರುಳೆಯ ವ್ಯಾಸ ಒಂದಡಿಗಿಂತ ಕಡಿಮೆ ಇರಕೂಡದು. ಬಣ್ಣ ದಪ್ಪಗಿದ್ದರೆ 40 ಸೆಂಟಿಮೀಟರ್, ಇನ್ನೂ ಹೆಚ್ಚಾದರೆ ಒಳ್ಳೆಯದೇ. 40ರ ಉರುಳೆಯ ಸುತ್ತಳತೆ ಸುಮಾರು 126 ಸೆಂಟಿಮೀಟರ್. 714 ಸೆಂಟಿಮೀಟರಿನ ಬಟ್ಟೆ ಆರು ಸುತ್ತಿನೊಳಗೆ ಮುಗಿಯುತ್ತದೆ. ಬಣ್ಣದ ಮುಖ ಯಾವಾಗಲೂ ಹೊರಕ್ಕೆ. ಕೇಳಿದವರಿಗೆ ಇದು ತಲೆಕೆಳಗಾಗಿ ಕಾಣುತ್ತದೆ, ಮುಖಕ್ಕಲ್ಲವೇ ರಕ್ಷಣೆ ಬೇಕಾದ್ದು ಎಂದು. ಹೊರಕ್ಕಿದ್ದಾಗ ಬಣ್ಣ ತುಸು ಹಿಗ್ಗುತ್ತದೆ. ಹಳೆಯ ಬಿರುಕು ಬಾಯಿ ತೆರೆದರೂ ಬಿಚ್ಚಿದಾಗ ಮತ್ತೆ ಮುಚ್ಚಿಕೊಳ್ಳುತ್ತದೆ. ಒಳಕ್ಕಿದ್ದರೆ ಬಣ್ಣದ ಚೂರುಗಳು ಒಂದನ್ನೊಂದು ತಳ್ಳಿ ಹಂಚಿನಂತೆ ಒಂದರ ಮೇಲೊಂದು ಹತ್ತಿ ಕೂರುತ್ತವೆ. ಹಾಗೆ ಹತ್ತಿದ ಚೂರು ಬಿಚ್ಚುವಾಗ ಸ್ವಸ್ಥಾನಕ್ಕೆ ಮರಳುವುದಿಲ್ಲ, ಉದುರುತ್ತದೆ.

ಉರುಳೆಯ ಉದ್ದ ಚಿತ್ರದ ಎತ್ತರಕ್ಕಿಂತ ಎರಡೂ ಕಡೆ 20 ಸೆಂಟಿಮೀಟರ್ ಹೆಚ್ಚಿರಬೇಕು, ಅಂದರೆ 425. ಪೇಟೆಯಲ್ಲಿ ಸುಲಭಕ್ಕೆ ಸಿಗುವ ಪಿವಿಸಿ ಪೈಪು ಕಾಲಕ್ರಮದಲ್ಲಿ ಆಮ್ಲದ ಆವಿ ಬಿಡುತ್ತದೆ, ಹಾಗಾಗಿ ನೇರವಾಗಿ ಬೇಡ. ಯಾವ ಪೈಪಾದರೂ ಮೊದಲು ಅಲ್ಯುಮಿನಿಯಂ ಹಾಳೆ, ಆಮೇಲೆ ಪಾಲಿಯೆಸ್ಟರ್ ಹಾಳೆ, ಕೊನೆಗೆ ಎರಡು ಸಲ ಒಗೆದು ಗಂಜಿ ಬಿಡಿಸಿದ ಮಲ್ ಬಟ್ಟೆ ಸುತ್ತಬೇಕು. ಗಂಜಿ ಉಳಿದರೆ ಬೆಳ್ಳಿಹುಳಕ್ಕೆ ಊಟ. ಸುತ್ತುಗಳ ನಡುವೆ ಆಮ್ಲರಹಿತ ಕಾಗದ. ವೃತ್ತಪತ್ರಿಕೆ ಬೇಡ, ಪ್ಲಾಸ್ಟಿಕ್ ಹಾಳೆಯಂತೂ ಬೇಡವೇ ಬೇಡ. ಮಲೆನಾಡಿನಲ್ಲಿ ಪ್ಲಾಸ್ಟಿಕ್ ಒಳಗೆ ಬೆವರು ಹುಟ್ಟಲು ಒಂದು ರಾತ್ರಿ ಸಾಕು. ಸುತ್ತಿದ ಉರುಳೆಯನ್ನು ನೆಲಕ್ಕೆ ಮಲಗಿಸಕೂಡದು, ಎರಡೂ ತುದಿ ಹಲಗೆಯ ಆಧಾರದಲ್ಲಿ ನಿಂತು ನಡುಭಾಗ ಗಾಳಿಯಲ್ಲಿ ತೇಲುತ್ತಿರಬೇಕು. ತುದಿ ಹಲಗೆ ಸೇರಿದ ಮೇಲೆ ಅದು ಹದಿನಾಲ್ಕು ಅಡಿಯ ಲಾರಿಯಲ್ಲಿ ಹಿಡಿಯುವುದಿಲ್ಲ. ಹದಿನಾಲ್ಕು ಅಡಿ ಎಂದರೆ 427 ಸೆಂಟಿಮೀಟರ್ ಅಷ್ಟೇ. ಹದಿನೇಳು ಅಡಿಯದ್ದನ್ನೇ ಹೇಳಬೇಕು. ಬಾಡಿಗೆ ಉಳಿಸಲು ಹೋಗಿ ಹಿಂದಿನ ಬಾಗಿಲು ತೆರೆದು ಹಗ್ಗ ಕಟ್ಟಿ ತರುವ ಜಾಣತನ ಅಡಿಕೆ ಮೂಟೆಗೆ ಸರಿ.

ಕಟ್ಟಡದೊಳಗೆ ಎದುರಾಗುವ ಮೊದಲ ಶತ್ರು ಓಣಿಯ ತಿರುವು. ಹೊದಿಕೆ ಸೇರಿ ಅರ್ಧ ಮೀಟರ್ ದಪ್ಪ, ನಾಲ್ಕೂಕಾಲು ಮೀಟರ್ ಉದ್ದದ ಉರುಳೆ ಮೂಲೆ ತಿರುಗಬೇಕಾದರೆ ಓಣಿ ಎರಡೂ ಕಡೆ ಆರೂವರೆ ಅಡಿ ಅಗಲ ಇರಬೇಕು. ಐದಡಿಯ ಓಣಿಯಲ್ಲಿ ಸಿಕ್ಕಿಬೀಳುತ್ತದೆ. ನಕ್ಷೆ ಬರೆಯುವಾಗ ಇದನ್ನು ಯಾರೂ ಕೇಳುವುದಿಲ್ಲ. ಗೋಡೆ ಎದ್ದ ಮೇಲೆ ಎಲ್ಲರೂ ಕೇಳುತ್ತಾರೆ.

ಮರದ ಚೌಕಟ್ಟು ಇಡಿಯಾಗಿ ಬರಲಾರದು. ಕೋಣೆಯ ಒಳಗೇ ಜೋಡಿಸಬೇಕು. ಚೆನ್ನಾಗಿ ಒಣಗಿದ ಸಾಗುವಾನಿಯ, ನಾಲ್ಕು ಇಂಚು ಅಗಲದ ಪಟ್ಟಿ. ಉದ್ದದ ಎರಡು ಪಟ್ಟಿಗಳನ್ನು ನಡುವೆ ಬೆಸೆಯಬೇಕಾಗುತ್ತದೆ. 714ರ ಅಗಲಕ್ಕೆ ಆರು ನಿಲುವು ಪಟ್ಟಿ ಹಾಕಿದರೆ ಒಂದೊಂದು ಮೀಟರಿನ ಏಳು ಅಂಕಣ; ಅಡ್ಡಕ್ಕೆ ಎರಡು ಪಟ್ಟಿ. ಬಟ್ಟೆಯ ಕಡೆಯ ಮುಖವನ್ನು ಒಳಮುಖವಾಗಿ ಇಳಿಜಾರು ಹೆರೆಯಬೇಕು, ಬಟ್ಟೆ ಹೊರ ಅಂಚಿಗೆ ಮಾತ್ರ ತಾಗುವಂತೆ. ಹೆರೆಯದೆ ಬಿಟ್ಟರೆ ಕೆಲವೇ ವರ್ಷದಲ್ಲಿ ಪಟ್ಟಿಯ ಗೆರೆ ಚಿತ್ರದ ಮುಖದಲ್ಲಿ ಮೂಡುತ್ತದೆ, ಎದೆಗೂಡು ಕಂಡ ಹಾಗೆ. ನೆಲಕ್ಕೆ ಕಂಬಳಿ, ಅದರ ಮೇಲೆ ಮಡಿ ಬಟ್ಟೆ ಹಾಸಿ, ಚಿತ್ರವನ್ನು ಮುಖ ಕೆಳಗಾಗಿ ಬಿಚ್ಚಿ, ಮೇಲೆ ಚೌಕಟ್ಟು ಇಟ್ಟು, ಪ್ರತಿ ಬದಿಯ ನಡುವಿನಿಂದ ಮೂಲೆಯ ಕಡೆಗೆ ಬಿಗಿಯುತ್ತ ಹೋಗಬೇಕು. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋದರೆ ಬಟ್ಟೆ ಓರೆಯಾಗಿ ಎಳೆದುಕೊಳ್ಳುತ್ತದೆ. ಬಣ್ಣ ಎಲ್ಲಾದರೂ ಸಡಿಲವಿದ್ದರೆ ಇದಕ್ಕೂ ಮೊದಲು ಪರಿಣತರಿಂದ ಮುಖಕ್ಕೆ ತೆಳು ಕಾಗದ ಅಂಟಿಸಿರಬೇಕು. ಎತ್ತಲು ಹತ್ತು ಜನ, ಮಾತಾಡುವವರು ಒಬ್ಬರು.

ಇದೆಲ್ಲ ದೀಪಾವಳಿ ಕಳೆದ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ ಆಗಬೇಕು. ಚಳಿಗೆ ಬಣ್ಣ ಸೆಟೆದಿರುತ್ತದೆ. ಡಿಸೆಂಬರಿನ ಬೆಳಗಿನ ಆರು ಗಂಟೆಗೆ ಉರುಳೆ ಬಿಚ್ಚಿದರೆ ಹಪ್ಪಳ ಮಡಚಿದಂತೆ ಕೇಳಿಸುತ್ತದೆ.

ಇನ್ನು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತದೆ. ತೊಂಬತ್ತು ಕಿಲೋಮೀಟರ್ ರಸ್ತೆ ಇಳಿದು ಶಿವಮೊಗ್ಗ ಪೇಟೆಗೆ ಬಂದರೆ ಅದರ ಸಣ್ಣದೊಂದು ಪಾಲು ಮಾತ್ರ. ಚಿತ್ರದ ಆಯುಷ್ಯ ಒಂದನ್ನೇ ನೋಡುವುದಾದರೆ ಕಟ್ಟಡ ಶಿವಮೊಗ್ಗದಲ್ಲೇ ಇರಲಿ. ತೀರ್ಥಹಳ್ಳಿ, ಹೊಸನಗರದ ಆಚೆಗೆ ಕಟ್ಟುವವರು ಒಂದು ಸಂಗತಿಯನ್ನು ಚೆನ್ನಾಗಿ ಅರಿತಿರಬೇಕು: ಕ್ಯಾನ್ವಾಸಿಗೂ ಬಣ್ಣಕ್ಕೂ ನಡುವೆ ಸರೇಸಿನ ಒಂದು ತೆಳು ಪದರ ಇದೆ, ಅದೇ ಇಡೀ ಚಿತ್ರದ ಮರ್ಮಸ್ಥಾನ.

ಗಾಳಿಯ ತೇವಾಂಶ ಏರಿದಂತೆ ಸರೇಸು ನೀರು ಹೀರಿ ಮೆತ್ತಗಾಗುತ್ತದೆ, ಬಟ್ಟೆ ಜೋತು ಬೀಳುತ್ತದೆ. ಆರಿದ್ರಾ ಮಳೆ ಹಿಡಿದ ವಾರಕ್ಕೆ ಕೆಳಗಿನ ಮೂಲೆಗಳಲ್ಲಿ ಅಲೆ ಕಾಣುತ್ತದೆ. ಶೇ 85ನ್ನು ದಾಟಿತೋ, ಆಟ ಬದಲಾಗುತ್ತದೆ. ನೂಲು ಉಬ್ಬಿ ಒತ್ತಾಗಿ ನೇಯ್ದ ಬಟ್ಟೆ ಕುಗ್ಗುತ್ತದೆ. ಕುಗ್ಗುವ ಬಟ್ಟೆಯ ಮೇಲೆ ಕುಗ್ಗದ ಬಣ್ಣ, ನಡುವೆ ಹಿಡಿತ ಬಿಟ್ಟ ಸರೇಸು. ಬಣ್ಣ ಗುಡಾರದಂತೆ ಎದ್ದು ನಿಲ್ಲುತ್ತದೆ. ಫೆಬ್ರವರಿಯ ಒಣ ಮಧ್ಯಾಹ್ನಗಳಲ್ಲಿ ತಿರುಗಾಮುರುಗ: ಸರೇಸು ಒಣಗಿ, ಕುಗ್ಗಿ, ಡೋಲಿನ ಚರ್ಮದಂತೆ ಎಳೆದುಕೊಳ್ಳುತ್ತದೆ. ಅತಿ ಹೆಚ್ಚು ಹಾನಿ ಮಾಡುವವರು ಉತ್ಸಾಹಿಗಳು. ಜುಲೈಯಲ್ಲಿ ಬಟ್ಟೆ ಜೋತದ್ದು ಕಂಡು ಸುತ್ತಿಗೆ ತಂದು, ಬಟ್ಟೆ ಬಿಗಿಯಲೆಂದು ಚೌಕಟ್ಟಿನ ಮೂಲೆಯ ಸೀಳಿಗೆ ತೂರಿಸಿದ ಬೆಣೆಗಳನ್ನು ಬಡಿಯುತ್ತಾರೆ. ಆಗ ನೇರವಾಗಿ, ಚಂದವಾಗಿ ನಿಂತ ಬಟ್ಟೆ ಫೆಬ್ರವರಿಯಲ್ಲಿ ಮೂಲೆಯಿಂದ ಓರೆಯಾಗಿ ಬಿರುಕು ಬಿಡುತ್ತದೆ. ಮಳೆಗಾಲದ ಅಲೆಯನ್ನು ನೋಡಿಯೂ ನೋಡದಂತೆ ಇರಬೇಕು. ಬೆಣೆ ಮುಟ್ಟುವುದಿದ್ದರೆ ನವೆಂಬರಿನಲ್ಲಿ, ಒಂದು ಸಲಕ್ಕೆ ಒಂದು ಮಿಲಿಮೀಟರ್.

ಯಂತ್ರ ತಂದಿಟ್ಟರೆ ಮುಗಿಯಿತಲ್ಲ ಅನ್ನುವವರಿಗೆ: ಎಸಿಯನ್ನು ಬೆಳಗ್ಗೆ ಹತ್ತಕ್ಕೆ ಹಾಕಿ ಸಂಜೆ ಐದೂವರೆಗೆ ಆರಿಸುವ ಪದ್ಧತಿ ಏನೂ ಇಲ್ಲದ್ದಕ್ಕಿಂತ ಕೆಟ್ಟದ್ದು. ತಣ್ಣಗಾದ ಗೋಡೆ, ಚೌಕಟ್ಟುಗಳ ಮೇಲೆ ರಾತ್ರಿಯ ಹಸಿಗಾಳಿ ಬೆವರಿನ ಹನಿಯಾಗಿ ಕೂರುತ್ತದೆ. ತೇವ ಹೀರುವ ಯಂತ್ರ ಒಳ್ಳೆಯದು, ಆದರೆ ಅದರ ನೀರು ಬಕೆಟಿಗೆ ಬೀಳಕೂಡದು, ಪೈಪಿನಲ್ಲಿ ಹೊರಗೆ ಹೋಗಬೇಕು. ಬಕೆಟ್ ತುಂಬಿದೊಡನೆ ಯಂತ್ರ ತಾನೇ ನಿಲ್ಲುತ್ತದೆ, ಅದು ಭಾನುವಾರವೇ ತುಂಬುತ್ತದೆ. ಮರ ಬಿದ್ದು ಮೂರು ದಿನ ಕರೆಂಟು ಹೋದರೆ ಏನು ಮಾಡಬೇಕೆಂಬುದನ್ನು ಕಟ್ಟಡವೇ ತಿಳಿದಿರಬೇಕು.

ಮಲೆನಾಡಿನ ಮನೆಗೆ ಅದು ಗೊತ್ತು. ಹೊರಗೆ ಜಗಲಿ, ಒಳಗೆ ನಡುಮನೆ; ನಾಲ್ಕಡಿ ಚಾಚಿದ ಸೂರು; ನೈರುತ್ಯದ ಗೋಡೆಗೆ ಮಳೆಗಾಲದಲ್ಲಿ ಸೋಗೆಯ ತಟ್ಟಿ. ಚಿತ್ರವನ್ನು ನಡುಮನೆಯಲ್ಲೇ ತೂಗಬೇಕು, ಮಳೆಗೆ ಮೈಯೊಡ್ಡುವ ಗೋಡೆಗೆ ಎಂದೂ ಅಲ್ಲ. ಒಳಗೋಡೆಯಾದರೂ ಹಿಂದೆ ನಾಲ್ಕು ಇಂಚು ಗಾಳಿ ಆಡುವ ಸಂದು ಬೇಕು. ಗೋಡೆಗೆ ಸುಣ್ಣದ ಗಾರೆ. ಪ್ಲಾಸ್ಟಿಕ್ ಪೇಂಟು ಬಳಿದ ಗೋಡೆ ನೀರನ್ನು ಒಳಗೇ ಹಿಡಿದಿಟ್ಟುಕೊಂಡು ಬೊಬ್ಬೆ ಏಳುತ್ತದೆ. ಇನ್ನೊಂದು ಜ್ಞಾನ ಅಡುಗೆಮನೆಯದು. ಬೀಜ, ಓಲೆಗರಿ, ಸೂಡಿ ಕಟ್ಟಿದ್ದೆಲ್ಲ ಒಲೆಯ ಮೇಲಿನ ಅಟ್ಟದಲ್ಲಿ ಉಳಿಯುತ್ತಿದ್ದದ್ದು ಬೆಚ್ಚಗಿದ್ದುದರಿಂದ. ಹೊಗೆ ಚಿತ್ರಕ್ಕೆ ವಿಷ, ಆದರೆ ಬೆಚ್ಚನೆ ಬೇಕು. 24 ಡಿಗ್ರಿಯಲ್ಲಿ ಶೇ 90 ತೇವಾಂಶ ಇರುವ ಗಾಳಿಯನ್ನು ನೀರು ಸೇರಿಸದೆ 28 ಡಿಗ್ರಿಗೆ ಏರಿಸಿದರೆ ತೇವಾಂಶ ಸುಮಾರು ಶೇ 71ಕ್ಕೆ ಇಳಿಯುತ್ತದೆ. ತಂಪು ಮಾಡುವ ಯಂತ್ರಕ್ಕಿಂತ ಸಣ್ಣದೊಂದು ಹೀಟರು ಮಳೆಗಾಲದಲ್ಲಿ ಹೆಚ್ಚು ಕೆಲಸ ಮಾಡುತ್ತದೆ. ನೋಡಲು ಬಂದವರು ಸೆಕೆ ಎನ್ನುತ್ತಾರೆ, ಎನ್ನಲಿ.

ಆ ನೋಡಲು ಬಂದವರೇ ಇನ್ನೊಂದು ಲೆಕ್ಕ. ಒಬ್ಬ ಮನುಷ್ಯ ಸುಮ್ಮನೆ ನಿಂತು ಉಸಿರಾಡಿದರೂ ಗಂಟೆಗೆ ಸುಮಾರು 50 ಗ್ರಾಂ ನೀರು ಗಾಳಿಗೆ ಬಿಡುತ್ತಾನೆ. ಮೂವತ್ತು ಮಕ್ಕಳ ಶಾಲಾ ತಂಡ ಒಂದು ಗಂಟೆ ಕೂತರೆ ಒಂದೂವರೆ ಲೀಟರ್. 600 ಘನ ಮೀಟರಿನ ಕೋಣೆ ಮುಚ್ಚಿದ್ದರೆ ಅಷ್ಟಕ್ಕೇ ತೇವಾಂಶ ಹತ್ತು ಅಂಶ ಏರುತ್ತದೆ, ಒದ್ದೆ ಕೊಡೆ, ರೈನ್‌ಕೋಟಿನ ನೀರು ಬೇರೆ. ಕೊಡೆ ಜಗಲಿಯಲ್ಲೇ ಉಳಿಯಬೇಕು. ಉಂಬಳ ಎಂಬ ಜಿಗಣೆ ಮಾತ್ರ ಜಗಲಿಯಲ್ಲಿ ಉಳಿಯುವುದಿಲ್ಲ, ಕಾಲಿಗಂಟಿ ಒಳಗೆ ಬರುತ್ತದೆ. ಚಿತ್ರಕ್ಕೆ ಅದರಿಂದ ಕೇಡಿಲ್ಲ; ಅದನ್ನು ಬಿಡಿಸಲು ಜನ ಎರಚುವ ಉಪ್ಪಿನಿಂದ ಇದೆ. ಉಪ್ಪು ಬಿದ್ದ ನೆಲ ಮಳೆಗಾಲ ಪೂರ್ತಿ ಒದ್ದೆ. ಬಾಗಿಲ ಹೊರಗೇ ಒಂದು ಉಪ್ಪಿನ ಡಬ್ಬಿ, ಕೂರಲು ಕಲ್ಲು ಇಟ್ಟರೆ ಕೆಲಸ ಅಲ್ಲೇ ಮುಗಿಯುತ್ತದೆ.

ಕೋಣೆ ಎಷ್ಟು ದೊಡ್ಡದಿರಬೇಕು? ಏಳು ಮೀಟರ್ ಅಗಲವನ್ನು ಕತ್ತು ಹೊರಳಿಸದೆ ಒಂದೇ ನೋಟಕ್ಕೆ ತುಂಬಿಕೊಳ್ಳಲು ಏಳು ಮೀಟರ್ ಹಿಂದೆ ಸರಿಯಬೇಕು. ಬೆನ್ನ ಹಿಂದೆ ಓಡಾಡಲು ಎರಡು ಮೀಟರ್ ಸೇರಿಸಿದರೆ ಮೂವತ್ತು ಅಡಿ ಆಳ. ಕೆಳ ಅಂಚು ನೆಲದಿಂದ ಎರಡಡಿ ಮೇಲೆ, ಮಾಡು ಹದಿನೆಂಟು ಅಡಿ ಎತ್ತರ. ಚಿತ್ರದ ಎದುರು ಗೋಡೆಯಲ್ಲಿ ಕಿಟಕಿ ಇಡಬಾರದು. ವಾರ್ನಿಷಿನ ಮೇಲೆ ಕಂಬಗಳ ಬದಲು ಹೊರಗಿನ ಅಡಿಕೆ ಮರಗಳೇ ಕಾಣುತ್ತವೆ. ಬೆಳಕು ಎಲ್‌ಇಡಿ, 150ರಿಂದ 200 ಲಕ್ಸ್, ಗೋಡೆಗೆ ಮೂವತ್ತು ಡಿಗ್ರಿ ಓರೆಯಲ್ಲಿ.

ಬೂಷ್ಟು ಬರುವುದು ತೇವಾಂಶ ಶೇ 65–70ರ ಮೇಲೆ ದಿನಗಟ್ಟಲೆ ನಿಂತಾಗ. ಅದು ಸಾಮಾನ್ಯವಾಗಿ ಮುಖದ ಮೇಲೆ ಶುರುವಾಗುವುದಿಲ್ಲ. ಹಿಂಬದಿಯಲ್ಲಿ, ಕೆಳಪಟ್ಟಿಗೂ ಬಟ್ಟೆಗೂ ನಡುವಿನ ಸಂದಿಯಲ್ಲಿ ಕೂತ ಧೂಳಿನಲ್ಲಿ ಮೊದಲು ಹುಟ್ಟುತ್ತದೆ. ಅಡಿಕೆ ತೋಟದವರಿಗೆ ಕೊಳೆರೋಗ ಎಂದ ಕೂಡಲೇ ಮೈಲುತುತ್ತ, ಸುಣ್ಣ ನೆನಪಾಗುವುದು ಸಹಜ; ಇಲ್ಲಿ ಯಾವ ದ್ರಾವಣವನ್ನೂ ಸಿಂಪಡಿಸಕೂಡದು, ಒದ್ದೆ ಬಟ್ಟೆಯಿಂದ ಒರೆಸಲೂಬಾರದು, ಅದು ಬೂಷ್ಟನ್ನು ನೂಲಿನೊಳಕ್ಕೆ ಉಜ್ಜಿದಂತೆ. ಮೊದಲು ಕೋಣೆ ಒಣಗಿಸಿ, ಬೂಷ್ಟು ಪುಡಿಯಾದ ಮೇಲೆ, ಮೂಗಿಗೆ ಮಾಸ್ಕ್ ಕಟ್ಟಿ, ಮೆತ್ತನೆಯ ಕುಂಚದಲ್ಲಿ ಸಡಿಲಿಸಿ, ಬಲೆ ಬಟ್ಟೆ ಕಟ್ಟಿದ ವ್ಯಾಕ್ಯೂಮಿನ ಬಾಯಿಗೆ ತಳ್ಳಬೇಕು. ಹಲ್ಲಿ ಬೇರೆ. ಅದರ ಹಿಕ್ಕೆಯ ಬಿಳಿ ತುದಿಯಲ್ಲಿರುವ ಆಮ್ಲ ವಾರ್ನಿಷನ್ನು ಸುಡುತ್ತದೆ. ಬೆಳಕಿಗೆ ಹುಳ, ಹುಳಕ್ಕೆ ಹಲ್ಲಿ; ಸಂಜೆ ದೀಪ ಬೇಗ ಆರಿಸಿದರೆ ಮೂರೂ ಇಲ್ಲ.

ದೊಡ್ಡ ಚಿತ್ರವನ್ನು ಮಳೆಯಿಂದ ಕಾಯುವ ಇನ್ನೊಂದು ದಾರಿ ಇದೇ ಸಾಗರ, ಸೊರಬದ ಸೀಮೆಯಲ್ಲಿ ಇದೆ. ಕಾಯದೇ ಇರುವುದು. ದೀವರ ಸಮುದಾಯದ ಮನೆಗಳಲ್ಲಿ ಮದುವೆಯ ಹಸೆ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಲ್ಲಿ ಪುಂಡಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಮಣ್ಣಿನ ಗೋಡೆ ನೀರು ಹೀರುತ್ತದೆ, ಬಿಡುತ್ತದೆ; ಚಿತ್ತಾರ ಮಾಸುತ್ತದೆ; ಮುಂದಿನ ಮದುವೆಗೆ ಹೊಸದು ಬರೆಯುತ್ತಾರೆ. ಅದನ್ನು ಮ್ಯೂಸಿಯಂಗೆ ತರುವ ಆಸೆಯಿಂದ ಪ್ಲೈವುಡ್ಡಿನ ಮೇಲೆ ಬರೆಸುವುದು ಈಗಿನ ರೂಢಿ. ಪ್ಲೈವುಡ್ ಮಣ್ಣಿನಂತೆ ಹೀರುವುದಿಲ್ಲ, ಅಕ್ಕಿ ಹಿಟ್ಟು ಒಣಗಿ ಹಕ್ಕಳೆ ಏಳುತ್ತದೆ. ಉಳಿದದ್ದನ್ನು ಬೆಳ್ಳಿಹುಳ ನೆಕ್ಕುತ್ತದೆ. ಆಗ ಅಕ್ರಿಲಿಕ್ ಬಳಸಿ ಎನ್ನುತ್ತಾರೆ. ಅದಕ್ಕಿಂತ ಕೋಣೆಯ ಒಂದು ಗೋಡೆಯನ್ನು ಮಣ್ಣಿನಲ್ಲೇ ಕಟ್ಟಿ, ಬರೆಯುವ ಹೆಂಗಸರಿಗೆ ವರ್ಷಕ್ಕೊಮ್ಮೆ ತಕ್ಕ ಕೂಲಿ ಕೊಟ್ಟು ಕರೆಸುವುದು ಅಗ್ಗ, ಸರಿ ಕೂಡ. ಎದುರುಬದುರು ಗೋಡೆಯಲ್ಲಿ ನೂರಾರು ವರ್ಷ ಉಳಿಯಬೇಕೆಂದು ಹಟ ಹಿಡಿದ ಒಂದು ಚಿತ್ರ, ಪ್ರತಿವರ್ಷ ಅಳಿಯುವ ಇನ್ನೊಂದು ಇದ್ದರೆ ಆ ಕೋಣೆ ನೋಡಲು ಯೋಗ್ಯ.

ವರ್ಷದ ತಪಾಸಣೆಗೆ ಅಕ್ಟೋಬರಿನ ಆಸುಪಾಸು ಬರುವ ಭೂಮಿ ಹುಣ್ಣಿಮೆಯ ವಾರ ಒಳ್ಳೆಯ ಗುರುತು. ಮಳೆ ಹಿಂದೆ ಸರಿದಿರುತ್ತದೆ, ಒಣ ಹವೆ ಇನ್ನೂ ಬಂದಿರುವುದಿಲ್ಲ. ಮೊದಲು ತೇವಾಂಶ ತೋರಿಸುವ ಮಾಪಕವನ್ನೇ ಪರೀಕ್ಷಿಸಬೇಕು, ಅಗ್ಗದವು ಹತ್ತು ಅಂಶ ಸುಳ್ಳು ಹೇಳುತ್ತವೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು, ಕೆಸರಾಗುವಷ್ಟೇ ನೀರು; ಅದನ್ನೂ ಮಾಪಕವನ್ನೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆ ಶೇ 75 ತೋರಿಸಬೇಕು. 82 ತೋರಿಸಿದರೆ ಮಳೆಗಾಲದಲ್ಲಿ ತೇವಾಂಶ ಬರೆದಿಟ್ಟ ಪುಸ್ತಕದ ಅಂಕಿಗಳಿಂದೆಲ್ಲ ಏಳು ಕಳೆಯಬೇಕು.

ಆಮೇಲೆ ಟಾರ್ಚ್ ಹಿಡಿದು ಚಿತ್ರದ ಹಿಂದೆ. ಕೆಳಪಟ್ಟಿಯ ಸಂದಿಗೆ ಚಪ್ಪಟೆ ಬಿದಿರ ಕಡ್ಡಿ ಹಾಕಿ, ಬಟ್ಟೆಗೆ ತಾಗದಂತೆ, ಒಂದು ತುದಿಯಿಂದ ಇನ್ನೊಂದಕ್ಕೆ ನಿಧಾನವಾಗಿ ಎಳೆಯಬೇಕು. ಧೂಳು, ಮಳೆಹುಳದ ರೆಕ್ಕೆ, ಹಲ್ಲಿ ಮೊಟ್ಟೆಯ ಓಡು ಬರುತ್ತವೆ. ಹುರಿ ಹಿಟ್ಟಿನಂಥ ನುಣ್ಣನೆ ಪುಡಿ ಬಂದರೆ ಕುಟ್ಟೆ ಹುಳ ಚೌಕಟ್ಟಿನಲ್ಲಿದೆ. ಒಂದು ಬೆಣೆಯೂ ಸಿಕ್ಕೀತು. ಇಷ್ಟು ದೊಡ್ಡ ಚೌಕಟ್ಟಿಗೆ ನಲವತ್ತು ಬೆಣೆ. ಸಡಿಲಾದದ್ದು ಕೆಳಗೆ ಜಾರಿ ಬಟ್ಟೆಗೂ ಪಟ್ಟಿಗೂ ನಡುವೆ ಕೂತರೆ ಮುಖದ ಕಡೆ ಒಂದು ಗಂಟು ಉಬ್ಬುತ್ತದೆ, ಆ ಉಬ್ಬಿನ ಮೇಲೆ ಬಣ್ಣ ಬಿರಿಯುತ್ತದೆ. ಬಿದ್ದ ಬೆಣೆ ತನ್ನ ಮೂಲೆಗೇ ಮರಳಬೇಕು, ಪ್ರತಿಯೊಂದೂ ತನ್ನ ಸೀಳಿಗೆ ತಕ್ಕಂತೆ ಸವೆದಿರುತ್ತದೆ. ಹಾಗಾಗಿ ಬೆಣೆಗೂ ಸೀಳಿಗೂ ಒಂದೇ ಸಂಖ್ಯೆ ಮೊದಲೇ ಬರೆದಿರಬೇಕು. ಪೆನ್ಸಿಲಿನಲ್ಲಿ; ಪೆನ್ನಿನ ಶಾಯಿ ಪುಷ್ಯ ಮಳೆಯ ಹೊತ್ತಿಗೆ ಬಟ್ಟೆಗೆ ಇಳಿಯುತ್ತದೆ.